ಓಕಮ್ ಕೆರೆಯ ಗದ್ದುಗೆ

"ಅವನ ಮಾರಿ ಯಾವ ದಿಕ್ಕಿಗೆ ಮಾಡಿ ಕುಂದರ್ಸಿದ್ರಿ?"

ಗುರುಸಿದ್ದಪ್ಪ ಹೀಗೆ ಕೇಳಿದಾಗ ವಾಸಂತಿ ಚಪಾತಿ ಮಡಚಿ ಡಬ್ಬಿಗೆ ಇಡುತ್ತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಡರ್ಬಿಯ ಆ ಸಣ್ಣ ಅಡಿಗೆಮನೆಯಲ್ಲಿ ಮಾತು ಕೇಳಿಸಲಿಲ್ಲ ಎಂದು ನಟಿಸುವಷ್ಟು ಜಾಗವಿರಲಿಲ್ಲ. ಆದರೂ ಅವಳು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು.

ಗುರುಸಿದ್ದಪ್ಪ ತಮ್ಮನ ಗದ್ದುಗೆಯ ಪೂಜೆಗೆ ಬೇಕಾದದ್ದನ್ನೆಲ್ಲ ಮೇಜಿನ ಮೇಲೆ ಹರವಿಕೊಂಡಿದ್ದರು. ಎರಡು ವಿಭೂತಿ ಗಟ್ಟಿ, ಸಣ್ಣದೊಂದು ತಾಮ್ರದ ತಂಬಿಗೆ, ಊದಿನಕಡ್ಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ. ಬಿಲ್ವಪತ್ರೆಯನ್ನು ತಮ್ಮೂರು ತಿಕೋಟಾದಿಂದ ಪಾಯಿಜಾಮದ ಕಾಲಿನೊಳಗೆ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಯಾರೂ ತೆರೆದು ನೋಡಿರಲಿಲ್ಲ. "ಕೇಳಿದ್ರ ಹೇಳ್ತಿದ್ದೆ, ನನ್ನ ತಮ್ಮಗ ಒಯ್ಯಾಕತ್ತೀನಿ ಅಂತ," ಎಂದಿದ್ದರು. ಅವರು ಬಂದು ಆರು ದಿನವಾಗಿತ್ತು. ಈ ಆರು ದಿನವೂ ವಾಸಂತಿ ಒಂದೊಂದು ನೆಪ ಹೇಳಿದ್ದಳು. ಮಳೆ, ಕೆಲಸದ ಪಾಳಿ, ಕಾರಿನ ಸರ್ವಿಸ್. ಇವತ್ತು ಶನಿವಾರ, ಬಿಸಿಲು ಚೆನ್ನಾಗಿತ್ತು, ನೆಪಗಳು ಮುಗಿದಿದ್ದವು.

"ಕೇಳಿದೆನವಾ ನಿನ್ನ."

"ಶ್ರಾವ್ಯ ಗಾಡಿ ತಗದಾಳ ನೋಡ್ರಿ ಭಾವಾರ. ತಡಾ ಆದ್ರ ಪಾರ್ಕಿಂಗ್ ಸಿಗೂದಿಲ್ಲ."

"ಅವ್ವಗ ಹನ್ನೆರಡಕ್ಕ ಫೋನ್ ಮಾಡು ಅಂದೀನಿ, ಅಲ್ಲಿ ಸಂಜಿ ಆಗಿರ್ತೈತಿ. ಗದ್ದಗಿ ತೋರ್ಸೋತನಕ ಆಕಿ ಚಾ ಸೈತ ಕುಡಿಯೂದಿಲ್ಲಂತ." ಅವರು ಒಂದೊಂದೇ ಸಾಮಾನನ್ನು ಕೈಚೀಲಕ್ಕೆ ಇಟ್ಟರು. "ಉತ್ತರಕ್ಕ ಮಾಡಿದ್ರೋ ಪೂರ್ವಕ್ಕೋ ಅಷ್ಟ ಹೇಳು. ನಾನೂ ಹಂಗ ಕುಂದರಬೇಕಲ್ಲ."

ಹೊರಗಿನಿಂದ ಹಾರ್ನ್ ಕೇಳಿಸಿತು. ವಾಸಂತಿ ಡಬ್ಬಿ ಎತ್ತಿಕೊಂಡು ಹೊರಟಳು. ಬಾಗಿಲಿನ ಬಳಿ ನಿಂತು, ಏನೋ ಮರೆತವಳಂತೆ ಮಹಡಿಗೆ ಹೋದಳು. ಪಾಸ್‌ಪೋರ್ಟುಗಳಿದ್ದ ಡ್ರಾದಿಂದ ಒಂದು ಕಂದು ಲಕೋಟೆ ತೆಗೆದು ಪರ್ಸಿನಲ್ಲಿ ಹಾಕಿಕೊಂಡಳು.

*

ವಾಸಂತಿಯ ಗಂಡ ಮಹೇಶನನ್ನು ಕುಳ್ಳಿರಿಸಿರಲಿಲ್ಲ. ಹೂಳಿಯೂ ಇರಲಿಲ್ಲ.

ಮೂರೂವರೆ ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಿಗ್ಗೆ, ಅವನು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಹಳೆಯ ಸಿ.ಡಿ. ಡಬ್ಬಿಯಿಂದ ಕೆರೆಯುತ್ತಿದ್ದ. ವಿಮಾನದ ಎಂಜಿನ್ ಕಾರ್ಖಾನೆಗೆ ಹೊರಟಿದ್ದ. ವಾಸಂತಿ ಕಿಟಕಿಯಿಂದ ನೋಡಿದಾಗ ಅರ್ಧ ಗಾಜು ಸ್ವಚ್ಛವಾಗಿತ್ತು, ಕಾರಿನ ಪಕ್ಕ ಯಾರೂ ಇರಲಿಲ್ಲ. ಅವನು ನೆಲದ ಮೇಲಿದ್ದ. ನಲವತ್ತೊಂಬತ್ತು ವಯಸ್ಸು.

ಆ ಮೇಲಿನದನ್ನೆಲ್ಲ ಕಿಶೋರ್ ನೋಡಿಕೊಂಡ. ಮಹೇಶನ ಜೊತೆ ಕೆಲಸ ಮಾಡುತ್ತಿದ್ದ ಬೆಂಗಳೂರಿನವನು, ಒಳ್ಳೆಯವನು. ಊರಿನ ಕನ್ನಡದವರಲ್ಲಿ ಯಾರಿಗೆ ಏನಾದರೂ ಮೊದಲು ಓಡಿ ಬರುವವನು ಅವನೇ. ಅದುವರೆಗೆ ಮೂರು ಅಂತ್ಯಕ್ರಿಯೆ ಮಾಡಿಸಿ ಅವನಿಗೆ ಎಲ್ಲ ಗೊತ್ತಿತ್ತು. ಸರ್ಟಿಫಿಕೇಟು ಎಲ್ಲಿ ಸಿಗುತ್ತದೆ, ಯಾವ ಪುರೋಹಿತರಿಗೆ ಕಾರು ಕಳಿಸಬೇಕು, ಯಾವ ದಿನ ಯಾರ ಮನೆಯಿಂದ ಅನ್ನ ಸಾರು ಬರಬೇಕು, ಎಲ್ಲಕ್ಕೂ ಅವನ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಇತ್ತು. ಎರಡನೆಯ ದಿನ ಸೋಫಾದ ತುದಿಯಲ್ಲಿ ಕೂತು ಒಂದು ಫಾರ್ಮು ತುಂಬುತ್ತ ಕೇಳಿದ್ದ, "ಧರ್ಮ ಹಿಂದೂ ಅಂತ ಹಾಕ್ಲಾ ಅತ್ತಿಗೆ?" ಅವಳು ಹೂಂ ಅಂದಿದ್ದಳು. ಹೂಳುವುದೋ ಸುಡುವುದೋ ಎಂಬ ಕೆಳಗಿನ ಸಾಲನ್ನು ಅವನು ಕೇಳಲಿಲ್ಲ. ಕೇಳುವಂಥದ್ದು ಎಂದು ಅವನಿಗೆ ಅನ್ನಿಸಿರಲಿಲ್ಲ. ಕುಳ್ಳಿರಿಸಿ, ಕೈಯಲ್ಲಿ ಲಿಂಗ ಕೊಟ್ಟು, ಮೇಲೆ ವಿಭೂತಿ ಬಿಲ್ವಪತ್ರೆ ಸುರಿದು ಮಣ್ಣು ಕೊಡುವವರೂ ಇದ್ದಾರೆ ಎಂಬುದನ್ನು ಅವನು ಎಲ್ಲಿ ನೋಡಬೇಕು? ವಾಸಂತಿ ಸಹಿ ಹಾಕಿದಳು.

ಎಲ್ಲ ಮುಗಿದ ಮಂಗಳವಾರ ಸಂಜೆ ತಿಕೋಟಾದಿಂದ ಫೋನು ಬಂದಾಗ ಗುರುಸಿದ್ದಪ್ಪ ಕೇಳಿದ್ದು ಒಂದೇ ಮಾತು. "ಮಣ್ಣು ಎಲ್ಲಿ ಕೊಟ್ರಿ?" ಹಿಂದೆ ಅತ್ತೆ ನೀಲವ್ವ ಅಳುವುದು ಕೇಳಿಸುತ್ತಿತ್ತು. ವಾಸಂತಿಯ ಬಾಯಿಗೆ ಮೊದಲು ಬಂದ ಹೆಸರು ಓಕಮ್. ಡರ್ಬಿಯಿಂದ ಒಂದೂಕಾಲು ಗಂಟೆಯ ದಾರಿ. ದೊಡ್ಡ ಕೆರೆ, ಕೆರೆಗೊಂದು ಮರಳಿನ ಬೀಚು, ಸುತ್ತ ಸೇಬು ಪ್ಲಮ್ಮಿನ ತೋಟ, ಒಂದು ಇಳಿಜಾರಿನ ತುಂಬ ವೈನ್ ಮಾಡುವವರ ದ್ರಾಕ್ಷಿ. ಮಹೇಶ ಪ್ರತಿ ಬೇಸಿಗೆಯಲ್ಲೂ ಹೆಂಡತಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಅವರ ಮನೆತನದ್ದು ದ್ರಾಕ್ಷಿಯ ಬದುಕು. "ಓಕಮ್ ಕೆರಿ ದಂಡಿ ರೀ, ದ್ರಾಕ್ಷಿ ತೋಟದ ಮಗ್ಗಲ," ಎಂದಿದ್ದಳು. ನೀಲವ್ವನ ಅಳು ಒಂದು ಗಳಿಗೆ ನಿಂತಿತ್ತು. "ದ್ರಾಕ್ಷಿ ಐತೇನು?" ಎಂದು ಆ ಕಡೆಯಿಂದ ಕೇಳಿದ ದನಿಯನ್ನು ವಾಸಂತಿ ಮರೆತಿರಲಿಲ್ಲ. ಅದಾದ ಮೇಲೆ ಸುಳ್ಳು ತಾನೇ ಬೆಳೆಯಿತು. ಬೇಲಿ ಹಾಕಿಸಿದ್ದಾರೇನು, ಕಲ್ಲು ನಿಲ್ಲಿಸಿದ್ದೀರೇನು, ಅಮಾವಾಸ್ಯೆಗೆ ಹೋಗಿ ಬಂದಿರೇನು. ಎಲ್ಲಕ್ಕೂ ಹೌದ್ರಿ.

ಮಹೇಶ ಹೋದ ಮೇಲೆ ವಾಸಂತಿ ಒಂದು ಕೇರ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿಗೆ ಹೊಸದಾಗಿ ಬಂದ ಮುದುಕರ ಮನೆಯವರನ್ನು ಕೂರಿಸಿಕೊಂಡು ಫಾರ್ಮು ತುಂಬುವ ಕೆಲಸವನ್ನು ತಾನೇ ಕೇಳಿ ಪಡೆದಿದ್ದಳು. ಹೂಳುವುದೋ ಸುಡುವುದೋ ಎಂಬ ಸಾಲು ಬಂದಾಗ ಎರಡು ಸಲ ಕೇಳುತ್ತಾಳೆ. ಮ್ಯಾನೇಜರು ಒಮ್ಮೆ, ಒಂದು ಸಲ ಕೇಳಿದರೆ ಸಾಕು, ಪಾಪ ಗಾಬರಿಯಾಗುತ್ತಾರೆ ಎಂದಿದ್ದಳು. ವಾಸಂತಿ ಬಿಟ್ಟಿರಲಿಲ್ಲ.

*

ಮೆಲ್ಟನ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಗೋಧಿ ಕೊಯ್ದ ಹೊಲಗಳು. ಶ್ರಾವ್ಯ ಕಾರು ಓಡಿಸುತ್ತಿದ್ದಳು. ಹತ್ತೊಂಬತ್ತು ವರ್ಷದವಳು, ಲೀಡ್ಸ್‌ನಲ್ಲಿ ಓದುತ್ತಿದ್ದಳು, ರಜೆಗೆ ಮನೆಗೆ ಬಂದಿದ್ದಳು. ಅವಳ ಪಕ್ಕದಲ್ಲಿ ಗುರುಸಿದ್ದಪ್ಪ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಿಂದಿನ ಸೀಟಿನಲ್ಲಿ ವಾಸಂತಿ. ಹೊರಡುವ ಮೊದಲು ತಾಯಿ ಮಗಳ ನಡುವೆ ಒಂದೇ ಮಾತು ನಡೆದಿತ್ತು. "ಆರ್ ಯು ಟೆಲ್ಲಿಂಗ್ ಹಿಮ್ ಆರ್ ಆಮ್ ಐ?" ಎಂದಿದ್ದಳು ಶ್ರಾವ್ಯ. ದಾರಿಯಲ್ಲಿ ಹೇಳುತ್ತೇನೆ ಎಂದು ವಾಸಂತಿ ಮಾತು ಕೊಟ್ಟಿದ್ದಳು. ಈಗ ಕನ್ನಡಿಯಲ್ಲಿ ಮಗಳ ಕಣ್ಣು ಆಗಾಗ ಹಿಂದೆ ಬಂದು ಹೋಗುತ್ತಿತ್ತು.

"ಈ ಹೊಲಾ ಎಲ್ಲಾ ಒಬ್ಬಂದ ಏನು?" ಗುರುಸಿದ್ದಪ್ಪ ಕೇಳಿದರು.

"ಐ ಥಿಂಕ್ ಸೋ, ದೊಡ್ಡಪ್ಪ. ಒನ್ ಫಾರ್ಮರ್."

"ಅಣ್ಣ ತಮ್ಮ ಇರಲಿಕ್ಕಿಲ್ಲ ಅವಗ," ಎಂದು ತಮಗೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು.

ಓಕಮ್‌ನ ಹೊರಗೆ ಒಂದು ತೋಟದ ಗೇಟಿನ ಬಳಿ ಪ್ಲಮ್ ಮಾರುತ್ತಿದ್ದರು. ಶ್ರಾವ್ಯ ಕಾರು ನಿಲ್ಲಿಸಿದಳು. ವಾಸಂತಿಗೆ ಗೊತ್ತಾಯಿತು, ಮಗಳು ತನಗೆ ಸಮಯ ಕೊಡುತ್ತಿದ್ದಾಳೆ. ಶ್ರಾವ್ಯ ಇಳಿದು ಹೋಗಿ ಬುಟ್ಟಿಗಳ ನಡುವೆ ಬೇಕೆಂದೇ ನಿಧಾನ ಮಾಡಿದಳು. ಕಾರಿನೊಳಗೆ ಇಬ್ಬರೇ. ವಾಸಂತಿ ಪರ್ಸಿನೊಳಗೆ ಕೈ ಹಾಕಿ ಲಕೋಟೆಯ ಅಂಚನ್ನು ಮುಟ್ಟಿದಳು.

"ಭಾವಾರ..."

"ನಾ ನಿನಗ ಒಂದು ಮಾತು ಹೇಳಬೇಕಂತಿದ್ನಿ," ಗುರುಸಿದ್ದಪ್ಪ ಮುಂದೆ ನೋಡುತ್ತಲೇ ಅಂದರು. "ಆಗ ನನಗ ವೀಸಾ ಸಿಗಲಿಲ್ಲ. ಅಣ್ಣ ಆಗಿ ಒಂದು ಹಿಡಿ ಮಣ್ಣು ಹಾಕಾಕ ಆಗಲಿಲ್ಲ. ಪರದೇಶದಾಗ ಹೆಣ್ಣಮಗಳು ಒಬ್ಬಾಕಿನ ನಿಂತು, ನಮ್ಮ ಪದ್ಧತಿ ಪ್ರಕಾರ ಎಲ್ಲಾ ಮಾಡಿದಿ. ಊರಾಗ ಹೇಳ್ತೀನಿ ನಾ. ನಮ್ಮ ಸ್ವಾಮಿಗೋಳೂ ಕೇಳಿ, ಆಕಿ ದೊಡ್ಡಾಕಿ ಅಂದ್ರು."

ವಾಸಂತಿ ಕೈಯನ್ನು ಪರ್ಸಿನಿಂದ ಹೊರಗೆ ತೆಗೆದಳು. ಶ್ರಾವ್ಯ ಬಂದು ಬಾಗಿಲು ತೆರೆದು ಒಂದು ಪ್ಲಮ್ ದೊಡ್ಡಪ್ಪನ ಕೈಗಿಟ್ಟಳು. ಕನ್ನಡಿಯಲ್ಲಿ ತಾಯಿಯ ಮುಖ ನೋಡಿ ಗಾಡಿ ಶುರು ಮಾಡಿದಳು.

*

ಕೆರೆ ಒಮ್ಮೆಲೇ ಕಾಣಿಸಿತು. ಗುರುಸಿದ್ದಪ್ಪ "ಅಬಾಬಾ" ಎಂದು ಸೀಟಿನಲ್ಲಿ ನೆಟ್ಟಗೆ ಕೂತರು. ಬೀಚಿನಲ್ಲಿ ಜನ ಕಿಕ್ಕಿರಿದಿದ್ದರು. ಗಾಳಿ ತುಂಬಿದ ಬಣ್ಣಬಣ್ಣದ ರಬ್ಬರಿನ ಬಾತುಕೋಳಿಗಳು, ಐಸ್‌ಕ್ರೀಂ ವ್ಯಾನು, ಬೆನ್ನು ಕೆಂಪಾದ ಗಂಡಸರು. ಅದನ್ನು ದಾಟಿ ಅರ್ಧ ಮೈಲಿ ಹೋದರೆ ದ್ರಾಕ್ಷಿ ತೋಟದ ಕಾರ್ ಪಾರ್ಕು. ವೈನ್ ರುಚಿ ನೋಡಲು ಬನ್ನಿ ಎಂಬ ಹಲಗೆ, ಅದರ ಕೆಳಗೆ ಹೂವಿನ ಕುಂಡಗಳು.

ಇಳಿದವರೇ ಗುರುಸಿದ್ದಪ್ಪ ಬಳ್ಳಿಗಳ ಸಾಲಿನ ಹತ್ತಿರ ಹೋದರು. ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ತೂಗಿದರು. "ಆಗಸ್ಟ್ ತಿಂಗಳಾಗ ಇನ್ನಾ ಹೆಸರುಕಾಳಿನಂಗ ಅದಾವು. ಇವ್ರ ಬಿಸಲ ಎಲ್ಲಿ ಸಾಲಬೇಕು. ನಾವು ಒಣಗಿಸಾಕ ಬೆಳೀತೇವಿ, ಇವ್ರು ಕುಡಿಯಾಕ." ಬಳ್ಳಿಯ ಬುಡದಲ್ಲಿ ಕತ್ತರಿ ಬಿದ್ದ ಜಾಗ ನೋಡಿದರು. "ಆದ್ರ ಚಾಟ್ನಿ ಚಂದ ಮಾಡ್ಯಾರ. ಕೈ ಬಲ್ಲವರು."

ಆಮೇಲೆ ತಿರುಗಿ ಬಂದು ಕಾರಿನ ಚಕ್ರದ ಬಳಿ ನಿಂತರು. ಬಗ್ಗಿ ಚಪ್ಪಲಿ ಬಿಟ್ಟರು. ಎರಡನ್ನೂ ಜೋಡಿಸಿ ಚಕ್ರಕ್ಕೆ ಒತ್ತಿ ಇಟ್ಟರು. ಕೈಚೀಲವನ್ನು ಎದೆಗೆ ಹಿಡಿದುಕೊಂಡರು. ಗದ್ದುಗೆಯ ನೆಲವನ್ನು ಚಪ್ಪಲಿಯಲ್ಲಿ ತುಳಿಯುವುದುಂಟೆ?

"ಯಾವ ಕಡೆ ನಡಿಯೂಣು?"

ಕಾರ್ ಪಾರ್ಕಿಗೆಲ್ಲ ಚೂಪು ಜಲ್ಲಿ ಹಾಕಿದ್ದರು. ಅರವತ್ತೆಂಟು ವರ್ಷದ ಆ ಮನುಷ್ಯ ನಾಲ್ಕು ಹೆಜ್ಜೆ ಇಟ್ಟರು. ಐದನೆಯ ಹೆಜ್ಜೆಗೆ ಒಂದು ಕಲ್ಲು ಒತ್ತಿ ಪಾದ ಓರೆಯಾಯಿತು. ಮುಖ ಕಿವುಚಿದರೂ ನಿಲ್ಲಲಿಲ್ಲ.

"ಚಪ್ಪಲಿ ಹಾಕ್ಕೋರಿ ಭಾವಾರ," ಎಂದಳು ವಾಸಂತಿ.

"ಇರ್ಲಿ ಬಿಡವಾ."

"ಹಾಕ್ಕೋರಿ. ಇಲ್ಲಿ ಏನೂ ಇಲ್ರಿ."

ಅವರು ತಿರುಗಿದರು. ವಾಸಂತಿ ಪರ್ಸು ತೆರೆದು ಕಂದು ಲಕೋಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಮಹೇಶನ ಹೆಸರು, ಒಂದು ನಂಬರು, ಕೆಳಗೆ ಕೈಬರಹದಲ್ಲಿ: ಗಡಿಯಾರ ಒಂದು, ಉಂಗುರ ಒಂದು, ಬೆಳ್ಳಿಯ ಪದಕ ಒಂದು. ಗಡಿಯಾರ, ಉಂಗುರಗಳನ್ನು ವಾಸಂತಿ ಎಂದೋ ತೆಗೆದಿಟ್ಟಿದ್ದಳು.

ಗುರುಸಿದ್ದಪ್ಪ ಇಂಗ್ಲಿಷ್ ಓದಲಿಲ್ಲ. ಲಕೋಟೆಯನ್ನು ಅಂಗೈಗೆ ಬಗ್ಗಿಸಿದರು. ಇಷ್ಟಲಿಂಗವಿದ್ದ, ಮೊಟ್ಟೆಯಂಥ ಬೆಳ್ಳಿಯ ಕರಡಿಗೆ ಜಾರಿ ಬಂದಿತು, ಹಿಂದೆಯೇ ಅದರ ಕಪ್ಪಾದ ದಾರ. ಅವರ ಇನ್ನೊಂದು ಕೈ ತಾನಾಗಿಯೇ ಅಂಗಿಯೊಳಗೆ ಹೋಗಿ ತಮ್ಮ ಎದೆಯ ಮೇಲಿದ್ದುದನ್ನು ಮುಟ್ಟಿ ನೋಡಿತು. ಅಣ್ಣತಮ್ಮಂದಿರಿಗೆ ಒಂದೇ ದಿನ ಲಿಂಗದೀಕ್ಷೆಯಾಗಿತ್ತು. ಎರಡೂ ಕರಡಿಗೆಗಳನ್ನು ವಿಜಯಪುರದ ಒಬ್ಬನೇ ಅಕ್ಕಸಾಲಿಗ ಮಾಡಿದ್ದ.

"ಇದು ಅವನ ಕೈಯಾಗಿರಬೇಕು," ಎಂದರು. "ಇದು ನಿನ್ನ ಹಂತ್ಯಾಕ ಹೆಂಗ ಬಂತು?"

ವಾಸಂತಿ ಹೇಳಿದಳು. ನಿಂತಲ್ಲೇ, ಜಲ್ಲಿಯ ಮೇಲೆ, ಒಂದೊಂದೇ ಮಾತು. ಫಾರ್ಮು, ಕಿಶೋರ್, ಮಂಗಳವಾರ ಹತ್ತೂವರೆಗೆ ಚಿತಾಗಾರದಲ್ಲಿ ಸಿಕ್ಕ ಅರ್ಧ ಗಂಟೆಯ ಹೊತ್ತು. ಸುಡುವಾಗ ಲೋಹ ಇರಬಾರದೆಂದು ಅಲ್ಲಿಯವರು ಪದಕವೆಂದು ತಿಳಿದು ಬಿಚ್ಚಿ ಕೊಟ್ಟದ್ದು. ಬೂದಿಯನ್ನು ಲೆಸ್ಟರಿನ ಹೊಳೆಯಲ್ಲಿ ಬಿಟ್ಟದ್ದು.

"ಸುಟ್ರಿ," ಎಂದರು ಗುರುಸಿದ್ದಪ್ಪ. ಕೇಳುವ ದನಿಯಲ್ಲ. ಬಾಯಿಗೆ ಬಂದದ್ದನ್ನು ಹೊರಗೆ ಹಾಕಿದಂತೆ.

"ಹೂಂ ರೀ."

"ನಿನಗ ಗೊತ್ತಿರಲಿಲ್ಲೇನು? ಧಾರವಾಡದ ಮಗಳು. ನಿಮ್ಮಪ್ಪಗ ಮಣ್ಣು ಕೊಟ್ಟಾಗ ನಾನೂ ಬಂದಿದ್ನಲ್ಲ."

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ ಎಂದು ವಾಸಂತಿಗೆ ಆಗ ತಿಳಿಯಿತು. ಫಾರ್ಮಿನ ತಪ್ಪು, ಕಿಶೋರನ ತಪ್ಪು, ಗಾಬರಿಯ ತಪ್ಪು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

"ಗೊತ್ತಿತ್ರಿ," ಎಂದಳು. "ಸಹಿ ಹಾಕುವಾಗ ಗೊತ್ತಾಗಲಿಲ್ಲ. ಆದ್ರ ಅಲ್ಲಿ ಗೇಟಿನ್ಯಾಗ ಗಾಡಿ ತಿರುಗಿದಾಗ ಮ್ಯಾಲೆ ಹೊಗಿ ಕೊಳವಿ ಕಾಣಿಸ್ತು. ಆಗ ತಿಳೀತು, ಇದು ನಮ್ಮದಲ್ಲ ಅಂತ. ಗಾಡಿ ನಿಲ್ಲಸ್ರಿ ಅನ್ನಬೇಕಿತ್ತು. ನಲವತ್ತು ಮಂದಿ ನಿಂತಿದ್ರು ರೀ. ಎಲ್ಲಾರೂ ಕೆಲಸಾ ಬಿಟ್ಟು ಅರ್ಧ ದಿನ ರಜಾ ಹಾಕಿ ಬಂದಿದ್ರು. ಕಿಶೋರ್ ಮೂರು ದಿನ ನಿದ್ದಿ ಮಾಡಿದ್ದಿಲ್ಲ. ಹಿಂದ ಇನ್ನೊಬ್ಬರ ಹೆಣದ ಗಾಡಿ ಬಂದು ನಿಂತಿತ್ತು. ಈಗ ಬ್ಯಾಡ ಅಂದ್ರ ಎಲ್ಲಾರಿಗೂ ಎಷ್ಟ ತ್ರಾಸ ಅಂತ..." ಅವಳು ತೆರೆದಿದ್ದ ಪರ್ಸಿನ ಬಾಯಿ ಮುಚ್ಚಿದಳು. "ಮಂದಿ ಏನಂತಾರ ಅಂತ ನಾಚಿಕಿ ಆತ್ರಿ. ಅಷ್ಟಕ್ಕ ಸುಮ್ಮನಾದೆ."

ಗುರುಸಿದ್ದಪ್ಪ ಅವಳನ್ನು ನೋಡಲಿಲ್ಲ. "ನಮ್ಮಲ್ಲಿ ಎತ್ತು ಸತ್ರ," ಎಂದು ಶುರು ಮಾಡಿದರು. "ಎತ್ತು ಸತ್ರ ಸೈತ ನಾಕ ಮಂದೀನ ಕೇಳಿ ಹುಗೀತೇವಿ." ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೈಚೀಲವನ್ನು ಅಲ್ಲೇ ನೆಲದ ಮೇಲೆ ಇಟ್ಟರು. "ಪ್ರತಿ ಅಮಾಸಿಗೆ ಅವ್ವ ಈ ಕಡೆ ಮಾರಿ ಮಾಡಿ ನೀರು ಬಿಡತಾಳ. ಎದಕ್ಕ ಬಿಟ್ಲು ಆಕಿ? ಯಾರಿಗೆ?"

ಉತ್ತರಕ್ಕೆ ಕಾಯದೆ ಬರಿಗಾಲಲ್ಲೇ ಸಾಲುಗಳ ನಡುವಿನ ಕಾಲುದಾರಿಯಲ್ಲಿ ಕೆರೆಯ ಕಡೆ ಇಳಿದು ಹೋದರು.

*

ಶ್ರಾವ್ಯ ಬಂದು ತಾಯಿಯ ಪಕ್ಕ ಬಾನೆಟ್ಟಿಗೆ ಒರಗಿ ನಿಂತಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯು ನೆವರ್ ಟೋಲ್ಡ್ ಮಿ ದಟ್," ಎಂದಳು. "ದ ಗೇಟ್."

"ಯಾರಿಗೂ ಹೇಳಿರಲಿಲ್ಲ."

"ಐ ವಾಸ್ ಸಿಟ್ಟಿಂಗ್ ನೆಕ್ಸ್ಟ್ ಟು ಯು, ಅಮ್ಮ. ಇನ್ ದಟ್ ಕಾರ್."

ವಾಸಂತಿ ತಲೆಯಾಡಿಸಿದಳು. ಆ ದಿನ ಶ್ರಾವ್ಯ ಹದಿನಾರು ವರ್ಷದವಳು. ಶಾಲೆಯ ಕಪ್ಪು ಕೋಟು ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಒಂದು ಸಲ ತಾಯಿಯ ಮಣಿಕಟ್ಟು ಹಿಡಿದು "ವಾಟ್?" ಎಂದು ಕೇಳಿದ್ದಳು. ವಾಸಂತಿ ಏನಿಲ್ಲ ಎಂದಿದ್ದಳು. ಆ ಏನಿಲ್ಲ ಎಂಬುದು ಇಬ್ಬರಿಗೂ ಈಗ ಒಟ್ಟಿಗೆ ನೆನಪಾದಂತಿತ್ತು. ಶ್ರಾವ್ಯ ಬಗ್ಗಿ ದೊಡ್ಡಪ್ಪನ ಚಪ್ಪಲಿಗಳನ್ನು ಎತ್ತಿಕೊಂಡಳು.

ಆಗಲೇ ವಾಸಂತಿಯ ಫೋನು ರಿಂಗಾಯಿತು. ಹನ್ನೆರಡು ಗಂಟೆ. ಪರದೆಯ ಮೇಲೆ ಓರಗಿತ್ತಿ ಗೌರವ್ವನ ಹೆಸರು, ವಿಡಿಯೋ ಕರೆ.

ಅವಳು ಫೋನನ್ನು ಹಿಡಿದುಕೊಂಡೇ ಇಳಿಜಾರಿನಲ್ಲಿ ಓಡಿದಳು. ಗುರುಸಿದ್ದಪ್ಪ ನೀರಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಪಾದಗಳು ನೀರಿನಲ್ಲಿದ್ದವು. ಫೋನಿನ ಸದ್ದಿಗೆ ತಿರುಗಿ ನೋಡಿ ಮತ್ತೆ ನೀರಿನ ಕಡೆ ತಿರುಗಿದರು.

"ಅತ್ತ್ಯಾರದು ಫೋನ್ ರೀ."

"ಹೂಂ."

"ಏನ್ ಹೇಳ್ಲಿ?"

ಫೋನು ರಿಂಗಾಗಿ ನಿಂತಿತು. ಮರುಗಳಿಗೆಯೇ ಮತ್ತೆ ಶುರುವಾಯಿತು. ತಿಕೋಟಾದಲ್ಲಿ ಒಬ್ಬ ಮುದುಕಿ ಚಹ ಕುಡಿಯದೆ ಕಾಯುತ್ತಿದ್ದಾಳೆ.

"ನನಗ ಸುಳ್ಳು ಹೇಳಾಕ ಬರೂದಿಲ್ಲ," ಗುರುಸಿದ್ದಪ್ಪ ಮೆಲ್ಲಗೆ ಅಂದರು. "ಖರೇ ಹೇಳಾಕ ಬಾಯಿ ಇಲ್ಲ. ಎಂಬತ್ತೆಂಟು ವರ್ಷದಾಕಿ. ನಿನಗ ಹೆಂಗ ತಿಳೀತೈತೋ ಹಂಗ ಮಾಡು. ನಾ ಬಾಯಿ ತಗಿಯೂದಿಲ್ಲ."

ವಾಸಂತಿ ಸುತ್ತ ನೋಡಿದಳು. ಸುಳ್ಳಿಗೆ ಬೇಕಾದದ್ದೆಲ್ಲ ಅಲ್ಲೇ ಇತ್ತು. ಹಿಂದೆ ದ್ರಾಕ್ಷಿಯ ಸಾಲು. ಬೇಲಿಯ ಮೂಲೆಯಲ್ಲಿ ಹುಲ್ಲು ಬೆಳೆದ ಒಂದು ಮಣ್ಣಿನ ದಿಬ್ಬ, ಅದರ ಮೇಲೊಂದು ಹಳೆಯ ಕಲ್ಲು. ಅತ್ತೆಗೆ ಒಂದೇ ಕಣ್ಣು, ಅದೂ ಪೊರೆ ತೆಗೆಸಿದ್ದು. ಅಲ್ಲಿ ಬಿಲ್ವಪತ್ರೆ ಇಟ್ಟು, ಊದಿನಕಡ್ಡಿ ಹಚ್ಚಿ, ಎರಡು ನಿಮಿಷ ಫೋನು ಹಿಡಿದರೆ ಸಾಕು. ಕೇರ್ ಹೋಮಿನಲ್ಲಿ ಮರೆವಿನ ಮುದುಕರ ಸಮಾಧಾನಕ್ಕೆ ಇಂಥ ಸುಳ್ಳುಗಳನ್ನು ಅವಳು ದಿನಕ್ಕೆ ನಾಲ್ಕು ಹೇಳುತ್ತಿದ್ದಳು, ಯಾರಿಗೂ ಕೆಡುಕಾಗುತ್ತಿರಲಿಲ್ಲ. ಅವಳ ಕಾಲು ದಿಬ್ಬದ ಕಡೆ ಎರಡು ಹೆಜ್ಜೆ ಹೋಯಿತು ಕೂಡ.

ಅಷ್ಟರಲ್ಲಿ ಹೆಬ್ಬೆರಳು ಹಸಿರು ಗುಂಡಿಯನ್ನು ಒತ್ತಿತ್ತು.

ಪರದೆಯ ತುಂಬ ಒಂದು ಹಣೆ. ಸುಕ್ಕುಗಳ ಮೇಲೆ ಮೂರು ಬೆರಳಿನ ವಿಭೂತಿ. "ಸ್ವಲ್ಪ ದೂರ ಹಿಡೀರಿ ಅತ್ತಿ," ಎಂದು ಗೌರವ್ವ ಹೇಳುವುದು ಕೇಳಿಸಿತು. ಹಣೆ ಹಿಂದೆ ಸರಿದು ಮುಖವಾಯಿತು.

"ವಾಸಂತೀ, ಹೋದಿರೇನವಾ? ಎಲ್ಲಿ, ತೋರ್ಸು."

"ಅತ್ತ್ಯಾರ," ಎಂದಳು ವಾಸಂತಿ. "ಇಲ್ಲಿ ಗದ್ದಗಿ ಇಲ್ರಿ."

"ಆಂ?"

"ಗದ್ದಗಿ ಇಲ್ರಿ. ಯಾವತ್ತೂ ಇದ್ದಿಲ್ಲ. ನಾ ಸುಳ್ಳ ಹೇಳಿದ್ದೆ. ಅವ್ರನ್ನ ಸುಟ್ವಿ. ನನ್ನ ತಪ್ಪು ರೀ. ಬ್ಯಾರೆ ಯಾರದೂ ಅಲ್ಲ."

ಮುಖ ಅಲುಗಲಿಲ್ಲ. ಚಿತ್ರ ಸಿಕ್ಕಿಹಾಕಿಕೊಂಡಿದೆಯೇನೋ ಎಂದು ವಾಸಂತಿಗೆ ಅನ್ನಿಸಿತು. "ಗೌರಾ, ಏನಂತಾಳ ಈಕಿ?" ಎಂದು ನೀಲವ್ವ ಪಕ್ಕಕ್ಕೆ ತಿರುಗಿ ಕೇಳಿದಳು. "ಏನಂತಾಳ ಅಂದೆ." ಗೌರವ್ವ ಮೆಲ್ಲಗೆ ಏನೋ ಹೇಳಿದಳು. ಅತ್ತೆಯ ಬಾಯಿ ಸ್ವಲ್ಪ ತೆರೆದು ಹಾಗೆಯೇ ಉಳಿಯಿತು. ಎಲ್ಲೋ ಹಿಂದೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು.

"ನನ್ನ ಕೂಸನ್ನ," ಎಂದಳು ನೀಲವ್ವ. ಅಷ್ಟೇ. ಸೆರಗು ಪರದೆಗೆ ಅಡ್ಡ ಬಂತು, ಹೋಯಿತು. "ಗುರುಸಿದ್ದ ಅದಾನೇನು ಅಲ್ಲಿ?"

"ಅದಾರ್ರಿ. ಇಲ್ಲೇ ಕುಂತಾರ."

"ಅವಗ ಹೇಳಿದೇನು?"

"ಈಗ ಹೇಳಿದೆ ರೀ."

ಗುರುಸಿದ್ದಪ್ಪ ನೀರಿನಿಂದ ಕಾಲು ತೆಗೆದಿರಲಿಲ್ಲ. ಹಿಂದಿನಿಂದ ಶ್ರಾವ್ಯ ಚಪ್ಪಲಿ ಹಿಡಿದು ಬಂದು ಸ್ವಲ್ಪ ದೂರದಲ್ಲಿ ನಿಂತಳು. ಬೈದು ಬಿಡಲಿ ಎಂದು ವಾಸಂತಿ ಕಾಯುತ್ತಿದ್ದಳು. ಬೈಗುಳಕ್ಕೆ ಅವಳಲ್ಲಿ ಜಾಗವಿತ್ತು. ಮೂರೂವರೆ ವರ್ಷದಿಂದ ಖಾಲಿ ಮಾಡಿ ಇಟ್ಟುಕೊಂಡ ಜಾಗ.

"ಒಂದು ಮಾತು ಖರೇ ಹೇಳು," ಎಂದಳು ನೀಲವ್ವ. ದನಿ ಒಡೆದಿರಲಿಲ್ಲ, ಆದರೆ ತೀರ ಸಣ್ಣದಾಗಿತ್ತು. "ಅವ ಆ ಕೆರಿಗೆ ಹೋಗ್ತಿದ್ದ ಅಂದಿಯಲ್ಲ. ಅದಾದ್ರೂ ಖರೇನೋ, ಅದೂ ಸುಳ್ಳೋ?"

"ಖರೇ ರೀ. ಪ್ರತಿ ವರ್ಷ ಬರ್ತಿದ್ವಿ. ದ್ರಾಕ್ಷಿ ನೋಡ್ತಿದ್ರು. ಇವ್ರಿಗೆ ಔಷಧ ಹೊಡಿಯಾಕ ಬರೂದಿಲ್ಲ ಅಂತ ಅಂತಿದ್ರು."

"ಎಲ್ಲಿ ಕುಂದರ್ತಿದ್ದ?"

"ಇಲ್ಲೇ ರೀ, ನೀರಿನ ದಂಡಿ. ಬುತ್ತಿ ಇಲ್ಲೇ ಬಿಚ್ಚತಿದ್ವಿ. ಉಂಡಮ್ಯಾಲ ನೀರಿನ ಕಡೆ ಮಾರಿ ಮಾಡಿ ಕುಂದರ್ತಿದ್ರು. ಮಾತಾಡ್ತಿದ್ದಿಲ್ಲ."

"ಏನು ಕಾಣತೈತಿ ಅಲ್ಲಿಂದ?"

"ನೀರು ರೀ. ಆಚಿ ದಂಡಿ ಮ್ಯಾಲೆ ಗಿಡಾ."

"ಅದನ್ನ ತೋರ್ಸು."

ವಾಸಂತಿ ಫೋನನ್ನು ತಿರುಗಿಸಿ ಕೆರೆಯ ಕಡೆ ಎತ್ತಿ ಹಿಡಿದಳು. ಈಗ ಅವಳಿಗೆ ಅತ್ತೆಯ ಮುಖ ಕಾಣುತ್ತಿರಲಿಲ್ಲ. ಎದುರಿಗೆ ನೀರು, ದೂರದಲ್ಲಿ ಮೂರು ಬಿಳಿಯ ಹಾಯಿ, ಬೀಚಿನ ಕಡೆಯಿಂದ ತೇಲಿ ಬರುವ ಮಕ್ಕಳ ಕೂಗು.

"ಬಿಸಲು ಹೊಡಿಯಾಕತ್ತೈತಿ," ಎಂಬ ದನಿ ಬಂತು. "ಬರೇ ಬೆಳ್ಳಗ ಕಾಣತೈತಿ."

ಗುರುಸಿದ್ದಪ್ಪ ಎದ್ದರು. ಒದ್ದೆ ಕಾಲಿನಲ್ಲಿ ಬಂದು ವಾಸಂತಿಯ ಪಕ್ಕದಲ್ಲಿ, ಮೊಳದಷ್ಟು ದೂರ ಬಿಟ್ಟು ನಿಂತರು. ತಲೆಯ ಮೇಲಿನ ಬಿಳಿಯ ಟೋಪಿ ತೆಗೆದರು. ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಫೋನಿನ ಮೇಲೆ ಚಾಚಿ, ಬಿಸಿಲಿಗೆ ಮರೆಯಾಗಿ ಹಿಡಿದರು.

"ಈಗ?" ಎಂದರು.

"ಹೂಂ. ಈಗ ಕಾಣತೈತಿ."

ಗಾಳಿಗೆ ನೀರು ಸಣ್ಣಗೆ ಮಡಿಕೆ ಬೀಳುತ್ತಿತ್ತು. ವಾಸಂತಿಯ ತೋಳು ನೋಯತೊಡಗಿತು. ಪಕ್ಕದಲ್ಲಿ ಗುರುಸಿದ್ದಪ್ಪ ಟೋಪಿಯನ್ನು ಬಿಸಿಲಿನ ಕಡೆ ಇನ್ನಷ್ಟು ವಾಲಿಸಿದರು. ಇಬ್ಬರೂ ಕೈ ಇಳಿಸಲಿಲ್ಲ. ಆ ಕಡೆಯಿಂದ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಸಾಕು ಎಂಬ ಮಾತು ಬರಲಿಲ್ಲ.